ಹೂಜಿ ಗಿಡಕ್ಕೆ ಹೊಯ್ದ ನೀರು

ಮಗ ನಿಖಿಲ ತೀರಿಕೊಂಡ ಸುದ್ದಿ ಮಿರಜದ ಆಸ್ಪತ್ರೆಯಿಂದ ಕಾಗವಾಡಕ್ಕೆ ಬಂದ ದಿನ ಜಯಪಾಲನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಳುವವರ ನಡುವಿನಿಂದ ಯಾರೋ ಮಾಳಿಗೆ ಹತ್ತಿ, ಮಗ ಬೆಳೆಸಿದ್ದ ಹೂಜಿ ಗಿಡವನ್ನು ಬುಡದವರೆಗೆ ಕತ್ತರಿಸಿ ಒಯ್ದಿದ್ದರು. ಉಳಿದ ಮೋಟು ಕೊಳೆತುಹೋಯಿತು.

ಅದು ಅಂಗಡಿಯಲ್ಲಿ ಸಿಗುವ ಗಿಡವಲ್ಲ. ಎರಡು ಜಾತಿಯ ಹೂವು ಕೂಡಿಸಿ, ಬೀಜವನ್ನು ಪಾಚಿಯ ಮೇಲೆ ಚೆಲ್ಲಿ, ವರ್ಷಗಟ್ಟಲೆ ಕಾದು ನಿಖಿಲ ಪಡೆದದ್ದು. ಎಲೆಯ ತುದಿಗೆ ತೂಗುವ ಹೂಜಿಗಳು ನೇರಳೆ, ಬಾಯಂಚು ಮಾತ್ರ ಅರಿಸಿನ. ನೊಣ ಇರುವೆ ಬಿದ್ದು ಸಾಯುವ ಗಿಡ ಜೈನರ ಮನೆಯಲ್ಲಿ ಬೇಡವೆಂದು ಜಯಪಾಲ ಜಗಳವಾಡಿದ್ದ. ಮಗ ಒಂದೊಂದು ಹೂಜಿಯ ಬಾಯಿಗೂ ಹತ್ತಿ ತುರುಕಿ ನಕ್ಕಿದ್ದ. “ಇವತ್ತಿಂದ ಇದೂ ಉಪವಾಸ ಹಿಡದೈತಿ ನೋಡಪಾ.”

ಮಳೆಗಾಲ ಮುಗಿದ ಮೇಲೆ ನಿಪ್ಪಾಣಿಯ ಗಿಡಗಳ ಪ್ರದರ್ಶನದಲ್ಲಿ ಜಯಪಾಲ ಅದೇ ನೇರಳೆ, ಅದೇ ಅರಿಸಿನದಂಚು ಕಂಡ. ಗಿಡದ ಹಿಂದೆ ನಿಂತವನು ಕುನಾಲ; ನಿಖಿಲನ ಗೆಳೆಯ, ಹೆಣಕ್ಕೆ ಹೆಗಲು ಕೊಟ್ಟವನು. ಕತ್ತರಿಸಿ ಒಯ್ದ ಕುಡಿಗೆ ಬೇರು ಬರಿಸಿದ ಗಿಡಕ್ಕೆ ತನ್ನ ಹೆಂಡತಿ ಸಪನಾಳ ಹೆಸರಿಟ್ಟು, ತಾನೇ ಬೆಳೆಸಿದ ಹೊಸ ತಳಿ ಎಂದು ಜನಕ್ಕೆ ಹೇಳುತ್ತಿದ್ದ. ಜಯಪಾಲನ ಕಾಲು ಮುಟ್ಟಿ, “ನಿಖಿಲ ಇದ್ದಿದ್ರ ಭಾಳ ಖುಷಿ ಪಡತಿದ್ದ ನೋಡ್ರಿ ಕಾಕಾ,” ಎಂದ.

ಮನೆಯಲ್ಲಿ ಹೇಳಿದರೆ ಹೆಂಡತಿ ಗಂಗೂಬಾಯಿ ಕಣ್ಣೊರೆಸಿಕೊಂಡಳು. “ಗಿಡ ಅವನ ಕೈಯಾಗಾದ್ರೂ ಜೀವಂತ ಐತಲ್ಲ. ಬಿಡ್ರಿ.”

ಜಯಪಾಲ ಬಿಡಲಿಲ್ಲ. ಕಳ್ಳನ ಕೈಯಲ್ಲಿ ಮಗನ ಗಿಡದ ಒಂದು ಎಲೆಯೂ ಉಳಿಯಬಾರದು.

ಉಪಾಯವನ್ನು ಕಲಿಸಿದವನೂ ನಿಖಿಲನೇ. ಈ ಗಿಡಕ್ಕೆ ಮಳೆನೀರೇ ಬೇಕು, ಉಪ್ಪು ತಾಗಿದರೆ ಬೇರು ಸುಡುತ್ತದೆ ಎಂದು ಅವನು ಹೇಳುತ್ತಿದ್ದ. ಕುನಾಲನ ಹಿತ್ತಿಲಲ್ಲಿ ಮಳೆನೀರಿನ ಡ್ರಮ್ಮಿತ್ತು. ಮನೆಯವರು ಊರಿಗೆ ಹೋದಾಗ ಅದರಿಂದ ಕುಂಡಗಳಿಗೆ ನೀರು ತೊಟ್ಟಿಕ್ಕುವಂತೆ ಸಣ್ಣ ಪೈಪು ಜೋಡಿಸಿಕೊಟ್ಟವನೂ ನಿಖಿಲನೇ. ವಿಷ ಕೊಂಡರೆ ಅಂಗಡಿಯವನು ನೆನಪಿಟ್ಟುಕೊಳ್ಳುತ್ತಾನೆ. ಅಡುಗೆಮನೆಯ ಉಪ್ಪನ್ನು ಯಾರು ಕೇಳುತ್ತಾರೆ? ಎಲೆ ಸುಟ್ಟರೆ ದೂರು ಬಿಸಿಲಿನ ಮೇಲೆ ಹೋಗುತ್ತದೆ.

ಕುನಾಲನ ಮನೆಯವರು ಮದುವೆಗೆಂದು ವಾರದ ಮಟ್ಟಿಗೆ ಸಾಂಗಲಿಗೆ ಹೋದರು. ಓಣಿಯ ಜನವೆಲ್ಲ ದ್ರಾಕ್ಷಿ ತೋಟದಲ್ಲಿದ್ದ ಮಧ್ಯಾಹ್ನ, ಬಸದಿಗೆ ಒಯ್ಯುವ ಚೀಲದಲ್ಲೇ ಉಪ್ಪುನೀರಿನ ಕ್ಯಾನು ಇಟ್ಟುಕೊಂಡು ಜಯಪಾಲ ಹಿತ್ತಿಲಿಗೆ ಬಂದ. ಹುಟ್ಟಿದಾಗಿನಿಂದ ಸೋಸದ ನೀರು ಮುಟ್ಟಿದವನಲ್ಲ. ಮನೆಯಿಂದ ತಂದ ಸೋಸುವ ಬಟ್ಟೆಯನ್ನು ಡ್ರಮ್ಮಿನ ಬಾಯಿಗೆ ಕಟ್ಟಿ ಕ್ಯಾನು ಬಗ್ಗಿಸಿದ. ಕಾಣದ ಜೀವಕ್ಕೂ ತನ್ನಿಂದ ನೋವಾಗಬಾರದು.

ಆಗ ಕುಂಡಗಳತ್ತ ನೋಡಿದ. ಹೂಜಿಗಳ ಬಾಯಲ್ಲಿ ಹತ್ತಿಯಿರಲಿಲ್ಲ. ಒಳಗೆ ನೊಣಗಳು ಸತ್ತು ತೇಲುತ್ತಿದ್ದವು. ಮಗ ಉಪವಾಸವಿಟ್ಟ ಗಿಡಕ್ಕೆ ಈ ಪಾಪಿ ಹೆಣ ಉಣಿಸಿದ್ದ. ಜಯಪಾಲ ಕೋಪದ ಭರದಲ್ಲೇ ಮುಚ್ಚಳವನ್ನು ಡ್ರಮ್ಮಿನ ಮೇಲೆ ಅಮುಕಿ, ಕ್ಯಾನನ್ನು ಚೀಲಕ್ಕೆ ಸೇರಿಸಿ, ಹೆಜ್ಜೆಗುರುತನ್ನು ಅಳಿಸಿ, ನೇರ ಬಸದಿಗೆ ಹೋಗಿ ಜಪಕ್ಕೆ ಕುಳಿತ.

ಸಾಂಗಲಿಯಿಂದ ಮರಳಿದ ದಿನವೇ ಕುನಾಲ ಬಾಗಿಲಿಗೆ ಬಂದ. ಗಿಡಗಳೆಲ್ಲ ಸುಟ್ಟು ಕರಕಾಗಿವೆ ಎಂದ.

“ಬಿಸಿಲ ಭಾಳ ಆತಲ್ಲಪಾ,” ಎಂದು ಜಯಪಾಲ ಮರುಗಿದ.

ಕುನಾಲ ಉಪ್ಪುಗಟ್ಟಿ ಸೆಟೆದ ಒಂದು ಬಟ್ಟೆಯನ್ನು ಗಂಗೂಬಾಯಿಯ ಮುಂದೆ ಹಿಡಿದ. “ಕಾಕೂ, ಇದು ನಮ್ಮ ಡ್ರಮ್ಮಿನ ಬಾಯಿಗೆ ಕಟ್ಟಿತ್ತು. ನಮ್ಮನ್ಯಾಗ ಯಾರೂ ನೀರ ಸೋಸಾಂಗಿಲ್ರಿ.” ಗಂಗೂಬಾಯಿ ಕೆಂಪು ದಾರದ ಅಂಚಿನ ಮೇಲೆ ಬೆರಳಾಡಿಸಿದಳು. “ಇದು ನಮ್ಮ ನೀರ ಸೋಸೋ ಬಟ್ಟಿ, ನಿಖಿಲನ ಧೋತರ ಹರದ ಮಾಡಿದ್ದು. ಅಂಚ ನಾನ ಹೊಲದೀನಿ,” ಎಂದಳು. ಆಮೇಲೆ ಗಂಡನ ಮುಖ ನೋಡಿದಳು. “ಒಂದ ಕುಡೀನೂ ಉಳೀಲಿಲ್ಲೇನ್ರಿ?” ಜಯಪಾಲನ ಬಾಯಿಗೆ ದಿನವೂ ಸಂಜೆ ಹೇಳುತ್ತಿದ್ದ ಪ್ರಾರ್ಥನೆಯೇ ಬಂತು: ಜಿನೇಶ್ವರಾ, ನನ್ನ ಮಗನ ಜೀವಕ್ಕೆ ಶಾಂತಿ ಸಿಗಲಿ.