ಭಾವನವರ ಕಡಲ ದಾರಿ

ನಮ್ಮ ಭಾವ ಸ್ವಂತ ಮನೆಯ ಗೇಟಿಗೇ ಕಾರು ಗುದ್ದಿದ ಮಹಾನುಭಾವರು. ಅಂಥವರು ಬಂಡೆಗಳ ಅಂಚಿನ ಕಡಲ ದಾರಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೋಗುತ್ತಾರಂತೆ! ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಮಗಳ ಆಟದ ಕಾರನ್ನು ಅದರ ಮೇಲೆ ಓಡಿಸುತ್ತ ಉಪದೇಶ ಶುರು ಮಾಡಿದರು. ಬಾಯಲ್ಲಿ ಬುರ್ರೆನ್ನುವ ಸದ್ದು ಬೇರೆ.

ಆಟದ ಕಾರು ನಕ್ಷೆಯ ಲೈಟ್‌ಹೌಸಿನ ತಿರುವು ದಾಟಿದ್ದೇ ತಡ, ಅದರ ಹಿಂದೆ ಒದ್ದೆ ಗೆರೆ ಮೂಡಿತು.

“ನೀರಿನ ಲೋಟ ಎತ್ತಿಡೇ,” ಎಂದು ಅಕ್ಕನನ್ನು ಗದರಿದರು. ಮೇಜಿನ ಮೇಲೆ ಲೋಟವೇ ಇರಲಿಲ್ಲ. ನಾನು ಒರೆಸಿದೆ, ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಅವರು ಮತ್ತೆ ಓಡಿಸಿದರು. ಅದೇ ತಿರುವು, ಅದೇ ಗೆರೆ.

“ಭಾವ, ಈ ದಾರಿ ಬೇಡ ಬಿಡಿ.”

“ನಿಂಗೇನ್ ಗೊತ್ತೋ? ಸಮುದ್ರಾನೇ ನೋಡಿಲ್ಲ ನೀನು.”

ಅವರೇನು ಮಹಾ ನೋಡಿದ್ದರು! ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.

“ಹಳೇ ಕಾಗದ, ತೇವ ಎಳ್ಕೊಂಡಿದೆ ಅಷ್ಟೇ,” ಎಂದು ನಕ್ಷೆ ಮಡಚಿಟ್ಟರು. ಮೂರ್ಖರ ಬಳಿ ಎಲ್ಲದಕ್ಕೂ ಉತ್ತರವಿರುತ್ತದೆ.

ನಾಳೆ ಬೆಳಿಗ್ಗೆ ಹೊರಡುತ್ತಾರೆ. ಈಗ ಅಂಗಳದಲ್ಲಿ ನಿಜವಾದ ಕಾರು ಬೀಗ ಹಾಕಿಸಿಕೊಂಡು ಬಿಸಿಲಿಗೆ ನಿಂತಿದೆ. ಅಕ್ಕ ಕೂರುವ ಬದಿಯ ಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟೆ. ಉಪ್ಪು.