ಎರಡು ಕಾಲಿನ ಗಜ್ಜರಿ

ಕತೆ ಹೇಳಿ ನನಗೆ ಅಭ್ಯಾಸವಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಹಿಂದೆ ಕೆಂಗಿರಿ ಎಂಬ ರಾಜ್ಯದಲ್ಲಿ ನೀಲವ್ವ ಎಂಬವಳಿದ್ದಳು. ಅವಳ ಹಿತ್ತಲಿನ ಗಜ್ಜರಿ, ಅಂದರೆ ಕ್ಯಾರೆಟ್, ಬೆಲ್ಲದಷ್ಟು ಸಿಹಿ. ಆ ರಾಜ್ಯವನ್ನು ಆಳುತ್ತಿದ್ದವನು ಉದ್ದಂಡಿ ಎಂಬ ಮಾಂತ್ರಿಕ. ಒಂದು ದಿನ ಅವನು ಬಂದು, "ಗಜ್ಜರಿಯೆಲ್ಲ ಅರಮನೆಗೆ" ಎಂದ.

ನೀಲವ್ವನ ಗಂಡ ಈರಣ್ಣ, "ಬಿತ್ತುವಾಗ ಎಲ್ಲಿದ್ದಿರಿ, ಸ್ವಾಮಿ?" ಎಂದು ಕೇಳಿದ. ಕೇಳಿದ್ದು ಅಷ್ಟೇ. ಮಾಂತ್ರಿಕ ಅವನನ್ನು ಮೊಲ ಮಾಡಿ, ಬೆಳೆಯನ್ನೆಲ್ಲ ಕಿತ್ತುಕೊಂಡ.

"ಇವಳೇ ಬಿತ್ತಿದ ಬಲಿತ ಗಜ್ಜರಿಯನ್ನು ನೂರು ದಿನದೊಳಗೆ ತಿಂದರೆ ಮನುಷ್ಯನಾಗುತ್ತಾನೆ. ಇಲ್ಲದಿದ್ದರೆ ಮೊಲವೇ ಗತಿ" ಎಂದೂ ಹೇಳಿದ. ಯಾಕೆ ಹೇಳಿದನೆಂದರೆ, ಪರಿಹಾರ ಹೇಳದ ಮಾಟ ಹಿಡಿಯುವುದಿಲ್ಲ.

ನೀಲವ್ವನಿಗೆ ಮೈಯೆಲ್ಲ ಉರಿಯಿತು. ಅಂದೇ ಮಡಿ ಅಗೆದಳು.

ಮಾಂತ್ರಿಕ ಮೊದಲು ಮಡಿಯ ಮೇಲೆ ಕಲ್ಲಿನ ಮಳೆ ಸುರಿಸಿದ. ಕಲ್ಲು ತಗುಲಿದರೆ ಗಜ್ಜರಿ ಸೊಟ್ಟಗಾಗುತ್ತದೆ, ಸರಿಯಾಗಿ ಬಲಿಯುವುದಿಲ್ಲ, ಅದಕ್ಕೆ. ಅವಳು ಮಣ್ಣನ್ನೆಲ್ಲ ಜರಡಿ ಹಿಡಿದು ಬೀಜ ಬಿತ್ತಿದಳು.

ಎರಡೆಲೆ ಮೂಡಿದಾಗ ಮಾಯದ ಹಂದಿಗಳನ್ನು ಕಳಿಸಿದ. ಅವಳು ಒನಕೆ ಹಿಡಿದು ಅಡ್ಡ ನಿಂತು, "ನನ್ನ ಗಂಡ ಮೊಲವಾದ. ನೀವು ಯಾರ ಗಂಡಂದಿರಪ್ಪಾ?" ಎಂದಳು. ಹಂದಿಗಳು ತಲೆ ತಗ್ಗಿಸಿ ಹೊರಟುಹೋದವು. ಅವೂ ಒಂದು ಕಾಲಕ್ಕೆ ಎದುರು ಮಾತಾಡಿದ ಮನುಷ್ಯರೇ.

ಮೂರನೆಯ ಸಲ ಮಾಂತ್ರಿಕ ತಾನೇ ಬಂದು, ಎಳೆ ಗಿಡಗಳನ್ನೆಲ್ಲ ಕಿತ್ತು ಅರಮನೆಯ ಮಾಯದ ಮಣ್ಣಿನಲ್ಲಿ ನೆಡಿಸಿದ. ಹಾಳು ಮಾಡಬಹುದಿತ್ತು, ಆದರೆ ಅವನಿಗೆ ಸಿಹಿಯ ಆಸೆ.

"ನಾನು ಬಿತ್ತಿದ್ದು ಅದು" ಎಂದು ನೀಲವ್ವ ಅರಮನೆ ಬಾಗಿಲಲ್ಲಿ ಕೂಗಿದಳು.

"ನೆಟ್ಟವನು ನಾನು" ಎಂದು ಒಳಗಿನಿಂದ ಉತ್ತರ ಬಂತು.

ಮಣ್ಣು ಮುಟ್ಟಿ ಗೊತ್ತಿದ್ದರಲ್ಲವೇ ಅವನಿಗೆ! ಗಜ್ಜರಿಯನ್ನು ಬದನೆ ಸಸಿಯ ಹಾಗೆ ಕಿತ್ತು ನೆಡಬಾರದು. ನೆಟ್ಟರೆ ಬೇರು ಕವಲೊಡೆಯುತ್ತದೆ. ಮಾಯದ ಮಣ್ಣಿನಲ್ಲಿ ಆ ಕವಲುಗಳು ಕಾಲುಗಳಾದವು. ತೊಂಬತ್ತೊಂಬತ್ತನೆಯ ದಿನ ಗಜ್ಜರಿಗಳು ಮಣ್ಣು ಕೊಡವಿಕೊಂಡು ಎದ್ದು, ಸಾಲಾಗಿ ಪೇಟೆ ಬೀದಿಯಲ್ಲಿ ನಡೆದವು.

"ನಿಲ್ಲಿ, ನಿಲ್ಲಿ" ಎನ್ನುತ್ತಾ ಮಾಂತ್ರಿಕ ಹಿಂದೆ ಓಡಿದ. ಗಜ್ಜರಿಗಳಿಗೆ ಕಾಲು ಬಂದಿತ್ತು, ಕಿವಿ ಬಂದಿರಲಿಲ್ಲ. ಅವು ನೀಲವ್ವನ ಹಿತ್ತಲಿಗೇ ಬಂದು ನಿಂತವು.

ಅವಳು ಒಂದನ್ನು ತೊಳೆದು ಮೊಲದ ಮುಂದೆ ಹಿಡಿದಳು. ಮೊಲವಾದರೂ ಈರಣ್ಣನ ಮಾತು ಹೋಗಿರಲಿಲ್ಲ.

"ಏನೇ ಇದು, ಇಷ್ಟು ಸೊಟ್ಟಗಿದೆ?"

"ಸುಮ್ಮನೆ ತಿನ್ರೀ."

ತಿಂದ. ಮನುಷ್ಯನಾದ. ಒಂದು ಮಾಟ ಒಡೆದರೆ ಮಾಂತ್ರಿಕನ ಮಾಟವೆಲ್ಲ ಒಡೆಯುತ್ತದೆ. ಹಂದಿಗಳೂ ಮನುಷ್ಯರಾಗಿ ಮನೆ ಸೇರಿದರು. ಏದುಸಿರು ಬಿಡುತ್ತಾ ಬಂದ ಉದ್ದಂಡಿಯ ಕೈಗೆ ನೀಲವ್ವ ಗುದ್ದಲಿ ಕೊಟ್ಟಳು.

"ಹಸಿವಾದರೆ ಅಗೆದು, ಬಿತ್ತಿ, ಬೆಳೆದು ತಿನ್ನು."

ಅಂದಿನಿಂದ ಕೆಂಗಿರಿಯಲ್ಲಿ ಬಿತ್ತಿದವರೇ ಉಂಡರು, ಎಲ್ಲರೂ ಸುಖವಾಗಿದ್ದರು. ಇನ್ನು ಬೇರು ಕವಲೊಡೆಯುವುದು ಯಾಕೆಂದರೆ, ಕೀಳುವಾಗ ತುದಿಯ ಎಳೆ ಬೇರು ಮುರಿಯುತ್ತದಲ್ಲ, ಆಗ ಅದು ಪಕ್ಕಕ್ಕೆ... ಅಗೋ, ಮನೆಯಲ್ಲಿ ಊಟಕ್ಕೆ ಕರೆದರು. ಬಂದೆ ಕಣವ್ವ, ಬಂದೆ.