ಕೊಡಿಗೇಹಳ್ಳಿ ದಿಣ್ಣೆಯ ಕೈ

ಎಪ್ಪತ್ತೆಂಟರಲ್ಲಿ ನಾನು ಕೊಡಿಗೇಹಳ್ಳಿಯಿಂದ ಯಲಹಂಕದ ಶಾಲೆಗೆ ಪಾಠ ಹೇಳಲು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಎರಡೂ ಬದಿ ದ್ರಾಕ್ಷಿ ತೋಟ, ನಡುವೆ ಒಂದು ಲಾರಿಯೂ ಓಡಾಡದ ರಸ್ತೆ. ದಿಣ್ಣೆ ಹತ್ತುವಾಗ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು, ಸೈಕಲ್ ಕಲಿಯುವವರನ್ನು ತಳ್ಳುವಂತೆ ಮೆಲ್ಲಗೆ ತಳ್ಳುತ್ತಿದ್ದರು. ತಿರುಗಿದರೆ ಯಾರೂ ಇಲ್ಲ. ಸುಡು ಬಿಸಿಲಲ್ಲೂ ಕ್ಯಾರಿಯರ್ ತಣ್ಣಗಿರುತ್ತಿತ್ತು. ನನಗೆ ಭಯವಾಗಲಿಲ್ಲ, ಅಷ್ಟು ನಯವಾದ ಸಹಾಯ ಅದು.

ತೋಟದ ಯಜಮಾನ ಚಿಕ್ಕಬೈರಪ್ಪನಿಗೆ ಹೇಳಿದೆ. ಆತ ನಕ್ಕ.

"ಹೆಂಗಸ್ರು ಸೈಕಲ್ ಹತ್ತಿದ್ರೆ ಇಂಗೇ ಕಣಮ್ಮ, ತಲೆ ಕೆಡ್ತದೆ. ಕೊಡಿ ಇಲ್ಲಿ."

ನನ್ನ ಸೈಕಲ್ ಕಿತ್ತುಕೊಂಡು ಹತ್ತಿದ. ದಿಣ್ಣೆಯ ಮೇಲೆ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ನಿಲ್ಲಲಿಲ್ಲ. ಏರಿನಲ್ಲೇ ವೇಗ ಹೆಚ್ಚುತ್ತಾ ರಸ್ತೆ ಪಕ್ಕದ ತೋಟದ ಬಾವಿಯ ಕಡೆಗೆ ತಿರುಗಿತು.

"ಬಿಡೇ ಮುನಿರತ್ನಾ! ಬಿಡೇ!" ಎಂದು ಕಿರುಚಿ ಆತ ಕೆಳಗೆ ಹಾರಿದ.

"ಯಾರದು ಮುನಿರತ್ನ?"

"ನನ್ ತಂಗಿ. ಸೈಕಲ್ ಕಲೀತೀನಿ ಅಂತ ಅಟ ಇಡಿದ್ಲು. ಸತ್ತೋದ್ಲು. ನಿಮಗ್ಯಾಕೆ?"

ಊರಲ್ಲಿ ಕೇಳಿದೆ. ಅವಳ ಹೆಣ ಅದೇ ಬಾವಿಯಲ್ಲಿ ಸಿಕ್ಕಿತ್ತಂತೆ; ಹೇಗೆ ಬಿದ್ದಳೆಂದು ಗೊತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಅಲ್ಲಿ ಓಡಾಡಬಾರದೆಂದು ಆತ ಅಂದೇ ಸಂಜೆ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿಸಿದ. ಬೆಳಿಗ್ಗೆ ನೋಡಿದರೆ, ಒಂದು ಸೈಕಲ್ ಹೋಗುವಷ್ಟು ಅಗಲಕ್ಕೆ ಮುಳ್ಳು ಪಕ್ಕಕ್ಕೆ ಸರಿದಿತ್ತು. ಸರಿಸಿದವಳು ನಾನಲ್ಲ.